ಹಂಚಿನ ನಡುವಿನ ಹುಲ್ಲು

ದಪ್ಪಗೆ ಹೊಳೆಯುವ ಕಾಗದ ಎಣ್ಣೆ ಹೀರುವುದಿಲ್ಲ. ಇದು ನನಗೆ ಗೊತ್ತಾಗಲು ಎಪ್ಪತ್ತಾರು ವರ್ಷ ಬೇಕಾಯಿತು. ಮೊದಲೆಲ್ಲ ಪೋಡಿ, ಅಂದರೆ ಬಜ್ಜಿ, ಕರಿದು ಹಳೆ ಪೇಪರಿನ ಮೇಲೆ ಹಾಕಿದರೆ ಮುಗಿಯಿತು. ಈಗ ನಮ್ಮ ಮನೆಗೆ ಪೇಪರು ಬರುವುದಿಲ್ಲ. ಎಲ್ಲರೂ ಮೊಬೈಲಿನಲ್ಲಿ ಓದುತ್ತಾರೆ. ಮೊಬೈಲಿನ ಮೇಲೆ ಪೋಡಿ ಹಾಕಲಾಗುತ್ತದೆಯೇ, ನೀವೇ ಹೇಳಿ. ಅದಕ್ಕೇ ಊಟದ ಮೇಜಿನ ಮೇಲೆ ಬಿದ್ದಿದ್ದ ಒಂದು ಕಾಗದ ತೆಗೆದುಕೊಂಡು ಬಾಳೆಕಾಯಿ ಪೋಡಿಯನ್ನು ಅದರ ಮೇಲೆ ಸುರಿದೆ. ಕಾಗದದಲ್ಲಿ ನೀಲಿ ಸಮುದ್ರ, ನಡುವೆ ಒಂದು ಕೋಟೆಯ ಚಿತ್ರ. ಎಣ್ಣೆ ಒಳಗೆ ಇಳಿಯದೆ ಕೋಟೆಯ ಸುತ್ತ ಕೆರೆ ಕಟ್ಟಿ ನಿಂತಿತು.

ಆಗಲೇ ಮೊಮ್ಮಗಳು ಮೇಘನಾ ಆಫೀಸಿನಿಂದ ಬಂದಳು. ಚಪ್ಪಲಿ ಕೂಡ ಬಿಡದೆ ಕಿರುಚಿದಳು.

"ಅಜ್ಜೀ! ಇದು ನನ್ನ ಬ್ರೋಷರ್! ಕಲ್ ಬಾಸ್ ಕೋ ದಿಖಾನಾ ಹೈ! ನೀನು ಇದರ ಮೇಲೆ ಪೋಡಿ ಹಾಕಿದ್ಯಾ?"

"ಎಣ್ಣಿ ಕುಡಿಯದ ಕಾಗ್ದ ಒಲಿ ಹತ್ರ ತಂದ್ ಇಟ್ಟದ್ ಯಾರ್? ನಾನಾ?"

"ಒಲಿ ಹತ್ರ ಅಲ್ಲ ಅಜ್ಜಿ, ಟೇಬಲ್ ಮೇಲೆ ಇತ್ತು!"

ಅವಳು ಅಳುಮುಖ ಮಾಡಿಕೊಂಡು ಕಾಗದ ಒರೆಸತೊಡಗಿದಳು. ಒರೆಸುತ್ತ ಒರೆಸುತ್ತ ಎರಡು ಪೋಡಿ ತಿಂದಳು. ಮೂರನೆಯದಕ್ಕೆ ಸಮಾಧಾನವಾಯಿತು.

ಮೇಘನಾ ಕೆಲಸ ಮಾಡುವುದು ದೋಣಿ ಬಾಡಿಗೆ ಕೊಡುವ ಕಂಪನಿಯಲ್ಲಿ. ದೋಣಿ ಎಂದರೆ ಅವಳಿಗೆ ಸಿಟ್ಟು ಬರುತ್ತದೆ, ಯಾಟ್ ಎನ್ನಬೇಕು. ಬಿಳಿ ಬಣ್ಣದ್ದು, ಹಾಯಿ ಇದ್ದದ್ದು, ಒಳಗೆ ಹಾಸಿಗೆ, ಅಡುಗೆಮನೆ, ಕಕ್ಕಸು ಎಲ್ಲ ಇದ್ದದ್ದು. ದುಡ್ಡಿದ್ದವರು ಅದನ್ನು ವಾರಗಟ್ಟಲೆ ಬಾಡಿಗೆಗೆ ಹಿಡಿದು ಮುಂಬಯಿಯಿಂದ ಗೋವಾದವರೆಗೆ ಕೋಟೆ ಕೊತ್ತಲ ನೋಡುತ್ತ ಹೋಗುತ್ತಾರೆ. ನನ್ನ ಅಪ್ಪನೂ ಇದೇ ನೀರಿನಲ್ಲಿ ಹೋಗುತ್ತಿದ್ದ. ಅವನಿಗೆ ಹೋಗಿದ್ದಕ್ಕೆ ಸಂಬಳ ಸಿಗುತ್ತಿತ್ತು. ಇವರು ತಾವೇ ಕೊಟ್ಟು ಹೋಗುತ್ತಾರೆ. ಕಾಲ ಎಷ್ಟು ಬದಲಾಯಿತು ಎನ್ನುವುದಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಅಪ್ಪ ಹಂಗಾರಕಟ್ಟೆಯ ಒಂದು ಮಂಜಿಯಲ್ಲಿ ತಂಡೇಲ. ಮಂಜಿ ಎಂದರೆ ಸರಕು ಸಾಗಿಸುವ ದೊಡ್ಡ ಹಾಯಿದೋಣಿ, ತಂಡೇಲ ಎಂದರೆ ಅದನ್ನು ನಡೆಸುವವನು. ನಮ್ಮ ಕಡೆಯ ಕಾರ್ಖಾನೆಯ ಹಂಚು ತುಂಬಿಕೊಂಡು ಬೊಂಬಾಯಿಗೆ ತಂದು ಇಳಿಸುವುದು ಅವನ ಕೆಲಸ. ಈ ಊರಿನ ಹಳೆ ಚಾಳುಗಳ ಮಾಡಿನ ಮೇಲೆ ಕೆಂಪು ಹಂಚು ಕಂಡರೆ ಇವತ್ತಿಗೂ ನಾನು ತಲೆಯೆತ್ತಿ ನೋಡುತ್ತೇನೆ. ಒಡೆದದ್ದು ಎಷ್ಟಿದೆ ಎಂದು.

ಏಕೆ ಎಂದು ಮುಂದೆ ಹೇಳುತ್ತೇನೆ.

ಆ ದಿನ ಮೇಘನಾ ಕಾಗದ ಒರೆಸಿದ ಮೇಲೆ, ಅಕ್ಷರ ಅಳಿಸಿಹೋಗಿದೆಯೋ ಎಂದು ಊರುಗಳ ಹೆಸರನ್ನು ಜೋರಾಗಿ ಓದಿದಳು. ಇಂಗ್ಲಿಷಿನಲ್ಲಿ ಬರೆದದ್ದು, ನನಗೆ ಬರುವುದಿಲ್ಲ. ಆದರೆ ಕಿವಿ ಇದೆಯಲ್ಲ. "ಅಲಿಬಾಗ್, ಜಂಜೀರಾ, ಹರ್ಣೈ, ದಾಭೋಳ, ವಿಜಯದುರ್ಗ, ಜಯಗಡ, ರತ್ನಾಗಿರಿ, ಮಾಲ್ವಣ..."

"ತಪ್ಪ್," ಎಂದೆ.

"ಕ್ಯಾ ತಪ್ಪು?"

"ದಾಭೋಳ ಆದ್ಮೇಲೆ ಜಯಗಡ. ಆಮೇಲೆ ರತ್ನಾಗಿರಿ. ಆಮೇಲೆ ವಿಜಯದುರ್ಗ. ನಿನ್ನ ದೋಣಿ ವಿಜಯದುರ್ಗಕ್ಕೆ ಹೋಯಿ ತಿರ್ಗಿ ಹಿಂದೆ ಬತ್ತಾ? ದಾರಿ ಮರ್ತ್ ಹೋದ ಎಮ್ಮಿ ಹಾಂಗೆ?"

ಅವಳು ಮೊಬೈಲಿನಲ್ಲಿ ನಕ್ಷೆ ತೆಗೆದು ನೋಡಿದಳು. ಬೆರಳಿನಿಂದ ಹಿಗ್ಗಿಸಿದಳು. ಆಮೇಲೆ ನನ್ನನ್ನು ನೋಡಿದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅಜ್ಜಿಯನ್ನು ಮೊಮ್ಮಕ್ಕಳು ಹಾಗೆ ನೋಡುವುದು ತುಂಬ ಅಪರೂಪ. ನಾನು ಇನ್ನೊಂದು ಪೋಡಿ ತೆಗೆದುಕೊಂಡೆ.

ನನಗೆ ಹೇಗೆ ಗೊತ್ತು ಎಂದರೆ, ಮೆಟ್ಟಿಲಿನಿಂದ ಗೊತ್ತು. ಅಪ್ಪ ಊರಿಗೆ ಬಂದಾಗ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಬಂದರುಗಳ ಹೆಸರು ಹೇಳಿಸುತ್ತಿದ್ದ. ಶಾಲೆಯಲ್ಲಿ ಮಗ್ಗಿ ನನಗೆ ಹತ್ತಲಿಲ್ಲ, ಇದು ಹತ್ತಿತು. ಮದುವೆಯಾಗಿ ಗ್ರಾಂಟ್ ರೋಡಿನ ಚಾಳಿಗೆ ಬಂದೆ. ನಳ ಕೆಳಗೆ, ನಮ್ಮ ಖೋಲಿ ಮೊದಲ ಮಾಳಿಗೆಯಲ್ಲಿ, ನಡುವೆ ಹದಿನೆಂಟು ಮೆಟ್ಟಿಲು. ಅಪ್ಪ ಹೇಳಿಕೊಟ್ಟ ಬಂದರುಗಳೂ ಹದಿನೆಂಟು. ಕೈಯಲ್ಲಿ ನೀರಿನ ಬಾಲ್ದಿ ಹಿಡಿದು ಮೊದಲ ಮೆಟ್ಟಿಲು ಗಂಗೊಳ್ಳಿ, ಎರಡನೆಯದು ಭಟ್ಕಳ, ಮೂರನೆಯದು ಹೊನ್ನಾವರ ಎಂದು ಹತ್ತುತ್ತಿದ್ದೆ. ಮಾಲ್ವಣದಲ್ಲಿ ಮೆಟ್ಟಿಲು ತಿರುಗುತ್ತಿತ್ತು, ಅಲ್ಲಿ ಬಾಲ್ದಿಯ ಕೈ ಬದಲಿಸುವುದು. ರತ್ನಾಗಿರಿಯ ಮೆಟ್ಟಿಲಿಗೆ ತುದಿ ಮುರಿದಿತ್ತು, ಅಲ್ಲಿ ಜಾಗ್ರತೆ. ಜಯಗಡ, ದಾಭೋಳ, ಹರ್ಣೈ ದಾಟಿದರೆ ಮೇಲಿನ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಹದಿನೆಂಟನೆಯದು ಮುಂಬಯಿ, ಅಂದರೆ ನಮ್ಮ ಬಾಗಿಲು. ದಿನಕ್ಕೆ ಹತ್ತು ಸಲ, ಇಪ್ಪತ್ತೆರಡು ವರ್ಷ. ಇನ್ನು ಮರೆಯುತ್ತೇನೆಯೇ? ನಾನು ಎಷ್ಟು ಸಲ ಬೊಂಬಾಯಿ ಮುಟ್ಟಿದೆನೋ ಅಪ್ಪ ಅಷ್ಟು ಸಲ ಮುಟ್ಟಿರಲಿಕ್ಕಿಲ್ಲ.

ಎರಡು ದಿನ ಬಿಟ್ಟು ಮೇಘನಾ ಖುಷಿಯಲ್ಲಿ ಬಂದಳು. ಬಾಸಿಗೆ ಈ ಕಥೆಯೆಲ್ಲ ಇಷ್ಟವಾಯಿತಂತೆ. ಯಾಟಿನಲ್ಲಿ ಖಾಂದೇರಿ ಕೋಟೆಯ ತನಕ ಒಂದು ದಿನ ಹೋಗಿ ಬರುವುದು, ಹಳೆ ಕಾಲದ ನಾವಿಕನೊಬ್ಬ ದಾರಿಯಲ್ಲಿ ಕಥೆ ಹೇಳುವುದು, ಅದರ ವಿಡಿಯೋ ತೆಗೆಯುವುದು.

"ಅಜ್ಜಿ, ಮಾಟುಂಗ ಅಜ್ಜ ಇದಾರಲ್ಲ, ಅವರು ರಿಯಲ್ ಸೇಲರ್ ಅಲ್ವಾ? ಅವರನ್ನ ಕರ್ಕೊಂಡು ಹೋಗ್ತೀವಿ."

ಮಾಟುಂಗ ಅಜ್ಜ ಎಂದರೆ ನನ್ನ ಅಣ್ಣ, ಸೀನಣ್ಣ. ಎಂಬತ್ತನಾಲ್ಕು ವರ್ಷ. ಮಂಜಿಯಲ್ಲಿ ನಾಲ್ಕು ವರ್ಷ ಇದ್ದ, ಆಮೇಲೆ ಮಾಟುಂಗದ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಲವತ್ತು ವರ್ಷ ಕೂತ. ಆದರೆ ಮಾತಾಡುವುದು ಆ ನಾಲ್ಕು ವರ್ಷದ್ದೇ. ಅವನ ಕಥೆಯ ತೆರೆಗಳು ವರ್ಷ ವರ್ಷಕ್ಕೂ ಎತ್ತರವಾಗುತ್ತ ಬಂದಿವೆ. ಮೊದಲು ಸೊಂಟಕ್ಕೆ ಬರುತ್ತಿದ್ದದ್ದು ಈಗ ತೆಂಗಿನಮರ ದಾಟಿದೆ.

"ನಾನೂ ಬತ್ತೆ," ಎಂದೆ.

"ಅಜ್ಜಿ, ನಿನ್ನ ಮೊಣಕಾಲು..."

"ಮೊಣ್ಕಾಲ್ ನಂದ್. ನಾ ತಕಂಡ್ ಬತ್ತೆ."

ನನ್ನ ಮಗ ಸುರೇಶ ಬೇಡ ಎಂದ. ಸೊಸೆ ಡಾಕ್ಟರನ್ನು ಕೇಳೋಣ ಎಂದಳು. ನಾನು ಯಾರನ್ನೂ ಕೇಳಲಿಲ್ಲ. ನನಗೆ ಕೋಟೆ ನೋಡುವ ಹುಚ್ಚಿಲ್ಲ. ಸಮುದ್ರ ಎಂದರೆ ಕಣ್ಣೀರು ಬರುವ ಜಾತಿಯವಳೂ ನಾನಲ್ಲ. ನನಗೆ ದೋಣಿಯಲ್ಲಿ ಕಾಲಿಡಬೇಕಿತ್ತು, ಆ ದೋಣಿ ಹೋಗಿ ಏನೂ ಒಡೆಯದೆ ತಿರುಗಿ ಬರಬೇಕಿತ್ತು, ಅದನ್ನು ಸೀನಣ್ಣ ಕಣ್ಣಾರೆ ನೋಡಬೇಕಿತ್ತು. ಅಷ್ಟೇ.

ಈಗ ಹಂಚಿನ ಮಾತು. ನಮ್ಮ ಕಡೆ ಹೊರಡುವ ಮಂಜಿಗೆ ಹೆಂಗಸರು ಕಾಲಿಡಬಾರದು. ದಡದಲ್ಲಿ ನಿಲ್ಲಬಹುದು, ಅಳಬಹುದು, ಹತ್ತುವ ಹಾಗಿಲ್ಲ. ನನಗೆ ಹನ್ನೊಂದು ವರ್ಷ. ಮಂಜಿ ಹೊರಡುವ ಬೆಳಿಗ್ಗೆ ಅಪ್ಪ ಮಾವಿನಮಿಡಿ ಉಪ್ಪಿನಕಾಯಿ ಭರಣಿ ಮರೆತು ಹೋದ. ಅಮ್ಮ ಅದನ್ನು ನನ್ನ ಸೊಂಟಕ್ಕೆ ಏರಿಸಿ ಓಡಿಸಿದಳು. ಬಂದರಿಗೆ ಹೋದರೆ ಒಂದು ನರಪಿಳ್ಳೆ ಇಲ್ಲ. ಎಲ್ಲರೂ ಕಾಯಿ ಒಡೆಯಲು ದೇವಸ್ಥಾನಕ್ಕೆ ಹೋಗಿದ್ದರು. ಭರಣಿ ಭಾರ. ಹಲಗೆ ಹಾಕಿಯೇ ಇತ್ತು. ಹತ್ತಿದೆ, ಒಲೆಯ ಪಕ್ಕ ಭರಣಿ ಇಟ್ಟೆ, ಬಗ್ಗಿ ಮಂಜಿಯ ಹೊಟ್ಟೆಯೊಳಗೆ ನೋಡಿದೆ. ಹಂಚುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಸಾಲು ಸಾಲು ಜೋಡಿಸಿದ್ದರು. ಕೆಳಗಿನ ಸಾಲುಗಳ ನಡುವೆ ಬೈಹುಲ್ಲು ತುಂಬಿತ್ತು. ಮೇಲಿನ ಮೂರು ಸಾಲಿಗೆ ಹುಲ್ಲೇ ಇರಲಿಲ್ಲ. ಹಂಚಿಗೆ ಹಂಚು ತಾಗಿ ನಿಂತಿತ್ತು. ಮೇಲಿನದಕ್ಕೆ ಹುಲ್ಲು ಬೇಡವೇನೋ ಎಂದುಕೊಂಡು ಇಳಿದೆ.

ಕಾಲು ಕೆಸರಾಗಿತ್ತು. ಹಲಗೆಯ ಮೇಲೆ ಹೆಜ್ಜೆ ಮೂಡಿತ್ತು. ಮೊದಲು ನೋಡಿದ್ದು ಸೀನಣ್ಣನೇ. ಅವನಿಗೆ ಆಗ ಹತ್ತೊಂಬತ್ತು, ಮಂಜಿಗೆ ಹೊಸಬ. ಅವನು ಹಾಕಿದ ಬೊಬ್ಬೆಗೆ ಊರೇ ಸೇರಿತು. ಮಂಜಿ ತೊಳೆದರು, ಅರಿಶಿನ ನೀರು ಚಿಮುಕಿಸಿದರು, ಇನ್ನೊಂದು ಕಾಯಿ ಒಡೆದು ಮಧ್ಯಾಹ್ನ ಹೊರಟರು. ತಿಂಗಳ ಮೇಲೆ ಸುದ್ದಿ ಬಂತು. ಮೇಲಿನ ಹಂಚೆಲ್ಲ ಚೂರು ಚೂರು. ಮಾಲಿಕ ಅಪ್ಪನಿಗೆ ಒಂದು ವರ್ಷ ಮಂಜಿ ಕೊಡಲಿಲ್ಲ. ಅಪ್ಪ ದಡದಲ್ಲಿ ಕೂತು ಬಲೆ ಹೊಲಿದ.

ಹುಲ್ಲು ಇರಲಿಲ್ಲ ಎಂದು ನಾನು ಹೇಳಿದೆ. ಅಮ್ಮನಿಗೆ ಹೇಳಿದೆ, ಅಜ್ಜಿಗೆ ಹೇಳಿದೆ. "ಹತ್ತಿದ್ದಲ್ದೆ ಬಗ್ಗಿ ಬೇರೆ ಕಂಡ್ಯಾ?" ಎಂದು ಅಜ್ಜಿ ತಲೆಗೆ ಮೊಟಕಿದಳು.

ಅಲ್ಲಿಂದ ಮುಂದೆ ಯಾವ ಮನೆಯಲ್ಲಿ ಏನು ಒಡೆದರೂ ನನ್ನ ಕಾಲು. ಮದುವೆಯ ಊಟದಲ್ಲಿ ಸೀನಣ್ಣ ಬೀಗರಿಗೆ ಈ ಕಥೆ ಹೇಳಿ ನಗಿಸಿದ. ಅತ್ತೆ ನಗಲಿಲ್ಲ, ಗಾಜಿನ ಲೋಟಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ನನ್ನ ಗಂಡ ಹೋಟೆಲಿನಲ್ಲಿ ಅಡುಗೆಯವರು, ಒಳ್ಳೆಯವರೇ. ಆದರೂ ಹೋಟೆಲಿನಲ್ಲಿ ಕಪ್ಪು ಒಡೆದ ದಿನ ಮನೆಗೆ ಬಂದು, "ಇವತ್ತು ನೀನು ಆ ಕಡೆ ಬಂದಿದ್ದೆಯಾ?" ಎಂದು ಕೇಳುತ್ತಿದ್ದರು. ತಮಾಷೆಗೆ. ಈಗ ಮಗನೂ ಹೇಳುತ್ತಾನೆ, "ಅಮ್ಮ ಮಂಜಿ ಹತ್ತಿದವಳು." ತಮಾಷೆಗೇ. ಅರವತ್ತೈದು ವರ್ಷ ಒಂದೇ ತಮಾಷೆ ಕೇಳಿದರೆ ನಿಮಗೂ ಗೊತ್ತಾಗುತ್ತದೆ.

ಸೀನಣ್ಣನ ಮನೆಗೆ ನಾನೂ ಮೇಘನಾಳೂ ಹೋದೆವು. ನಾವಿರುವ ಸಯನ್‌ನಿಂದ ಮಾಟುಂಗ ಒಂದೇ ಸ್ಟೇಷನ್. ವಿಡಿಯೋ ಎಂದ ಕೂಡಲೇ ಅವನ ಮುಖ ಅರಳಿತು. ನಾನೂ ಬರುತ್ತೇನೆ ಎಂದ ಕೂಡಲೇ ಮುದುಡಿತು.

"ನೀ ಬಪ್ಪುದಾರೆ ನಾ ಬತ್ತಿಲ್ಲೆ. ಮತ್ತೆಂತ ಒಡೀಕ್ ನಿಂಗೆ?"

"ಅಣ್ಣ, ಬಪ್ಪುದ್ ಬಿಡುದ್ ಆಮೇಲೆ. ಈ ಹೆಣ್ಣಿಗೆ ಬಂದರಿನ್ ಹೆಸ್ರ್ ಹೇಳ್ ಕಾಂಬ. ಕಥಿ ಹೇಳುವವ ನೀನಲ್ದಾ?"

ಅವನು ಗಂಟಲು ಸರಿಮಾಡಿಕೊಂಡ. "ಗಂಗೊಳ್ಳಿ. ಭಟ್ಕಳ. ಹೊನ್ನಾವರ. ಕಾರವಾರ." ನಡುವಿನ ತದಡಿ ಬಿಟ್ಟ. "ಗೋವಾ. ಆಮೇಲೆ... ಅದೊಂದ್ ಇತ್ತಲ್ಲ ಮರಾಯ್ತಿ... ಆಮೇಲೆ ಬೊಂಬಾಯಿ."

ಮೇಘನಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಅಜ್ಜಿ, ಪ್ಲೀಸ್ ಹೇಳು ನಾ."

"ದೋಣಿ ಹತ್ತಿದ್ ಮೇಲೆ ಹೇಳ್ತೆ."

ಹೀಗೆ ನನ್ನ ಸೀಟು ಗಟ್ಟಿಯಾಯಿತು. ಸೀನಣ್ಣ ಒಂದು ಷರತ್ತು ಹಾಕಿದ. ತಾನು ಮೊದಲು ಹತ್ತಿ ಕಾಯಿ ಒಡೆಯಬೇಕು, ಆಮೇಲೆ ನಾನು ಕಡೆಯಲ್ಲಿ ಹತ್ತಬೇಕು. ಆಗಲಿ ಎಂದೆ.

ಹದಿನೈದು ದಿನ ನಾನು ತಯಾರಿ ಮಾಡಿದೆ. ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟ್ ಇದೆ, ಹತ್ತಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಾಲ್ಕು ಮಾಳಿಗೆ ಇಳಿದು ಹತ್ತಿದೆ. ಮೂರನೇ ದಿನ ವಾಚ್‌ಮನ್ ನನ್ನ ಮಗನಿಗೆ ಹೋಗಿ, ಮನೆಯಲ್ಲಿ ಏನಾದರೂ ಜಗಳವಾಗಿದೆಯೇ ಎಂದು ಕೇಳಿದ. ದೋಣಿಯಿಂದ ದೋಣಿಗೆ ಕಾಲು ದಾಟಿಸುವುದಕ್ಕೆ ಮಾತ್ರ ನಾನು ಹೊಸದಾಗಿ ಕಲಿಯುವುದು ಏನೂ ಇರಲಿಲ್ಲ. ಐವತ್ತು ವರ್ಷ ಕೈಯಲ್ಲಿ ತರಕಾರಿ ಚೀಲ ಹಿಡಿದು ಲೋಕಲ್ ಹತ್ತಿದವಳು. ಪ್ಲಾಟ್‌ಫಾರಂ ಮತ್ತು ಗಾಡಿಯ ನಡುವಿನ ಸಂದಿ, ಹಿಂದಿನಿಂದ ನೂಕುವ ಜನ, ಹಿಡಿಯಲು ಒಂದು ಸರಳು. ಸಮುದ್ರದಲ್ಲಿ ಇದಕ್ಕಿಂತ ಹೆಚ್ಚು ಏನಿರುತ್ತದೆ?

ಇರುತ್ತದೆ. ಪಾಚಿ ಇರುತ್ತದೆ.

ಗೇಟ್‌ವೇ ಪಕ್ಕದ ಜೆಟ್ಟಿಯಲ್ಲಿ ನೀರು ಇಳಿದು ಕೆಳಗಿನ ಮೆಟ್ಟಿಲೆಲ್ಲ ಹಸಿರು ಕಟ್ಟಿತ್ತು. ಯಾಟ್ ದೂರದಲ್ಲಿ ನಿಂತಿತ್ತು. ಅಲ್ಲಿಗೆ ಒಯ್ಯುವ ಸಣ್ಣ ದೋಣಿ ಮೆಟ್ಟಿಲ ಬುಡದಲ್ಲಿ ಏಳುತ್ತ ಬೀಳುತ್ತ ಇತ್ತು. ಸೀನಣ್ಣ ಹೊಸ ಟೋಪಿ ಹಾಕಿ, ಕಾಯಿ ಹಿಡಿದು ಮೊದಲು ಇಳಿದ. ಮೂರನೇ ಮೆಟ್ಟಿಲಿನಲ್ಲಿ ನಿಂತ. ನಿಂತೇ ಇದ್ದ. ತೆಂಗಿನಮರ ದಾಟುವ ತೆರೆ ಕಂಡವನು ಪಾಚಿಗೆ ಹೆದರಿದ್ದ. ದೋಣಿಯವನು "ಚಲೋ ಚಲೋ, ಜಲ್ದಿ" ಎಂದು ಕೂಗಿದ. ಹಿಂದೆ ಬೇರೆ ಜನ ಕಾಯುತ್ತಿದ್ದರು. ಕೂಗಿದ ಮೇಲೆ ನಾನು ಯಾಕೆ ನಿಲ್ಲಲಿ? ಅಲಿಬಾಗ್, ಜಂಜೀರಾ, ಶ್ರೀವರ್ಧನ ಎಂದು ಎಣಿಸುತ್ತ ಅವನ ಪಕ್ಕದಲ್ಲೇ ಇಳಿದೆ. ದೋಣಿ ಮೇಲೆದ್ದ ಹೊತ್ತು ನೋಡಿ ಕಾಲಿಟ್ಟೆ. ಎಡಗಾಲು. ಬಲ ಮೊಣಕಾಲು ಬಗ್ಗುವುದಿಲ್ಲ.

"ಎಡ್ಗಾಲ್!" ಎಂದು ಸೀನಣ್ಣ ಮೆಟ್ಟಿಲ ಮೇಲಿಂದ ಕೂಗಿದ. "ಮೊದ್ಲ್ ಹತ್ತಿದ್ದಲ್ದೆ ಎಡ್ಗಾಲ್ ಬೇರೆ!"

"ಬಾ ಸುಮ್ನೆ. ಕಾಯಿ ನಂಗೆ ಕೊಡ್, ಕೈ ಅವನಿಗೆ ಕೊಡ್."

ಯಾಟಿನ ಕ್ಯಾಪ್ಟನ್ ಹರ್ಣೈ ಕಡೆಯವನು. ಅವನ ಅಜ್ಜನೂ ಹಾಯಿದೋಣಿಯವನಂತೆ. ಹತ್ತಿದ ಕೂಡಲೇ ಮರಾಠಿಯಲ್ಲಿ, "ಆಜಿ, ಚಪ್ಪಲ್ ಬಾಸ್ಕೆಟ್‌ನಲ್ಲಿ ಬಿಡಿ" ಎಂದ. ಯಾಟಿನಲ್ಲಿ ಎಲ್ಲರದ್ದೂ ಬರಿಗಾಲೇ. ಕೋಟ್ಯಧೀಶನಾದರೂ ಬರಿಗಾಲು. ಮಂಜಿಯಲ್ಲೂ ಹಾಗೇ ಇತ್ತು. ಈ ಜನಕ್ಕೆ ಸ್ವಲ್ಪ ಬುದ್ಧಿ ಇದೆ ಎಂದು ನನಗೆ ಆಗ ಅನಿಸಿತು. ಕೆಳಗಿನ ಅಡುಗೆಮನೆ ನೋಡಿದ ಮೇಲೆ ಖಾತ್ರಿಯಾಯಿತು. ಗಾಜಿನ ಲೋಟಗಳಿಗೆ ಒಂದು ಮರದ ಹಲಗೆ, ಅದರಲ್ಲಿ ಲೋಟಕ್ಕೊಂದು ತೂತು, ತೂತಿನ ಸುತ್ತ ಮೆತ್ತನೆ ಬಟ್ಟೆ. ಮೇಲಿನ ಮೇಜಿಗೂ ಅಂಥದೇ ತೂತುಗಳು. ದೋಣಿ ಎಷ್ಟು ಓರೆಯಾದರೂ ಲೋಟ ಅಲ್ಲಾಡುವುದಿಲ್ಲ. ನಾನು ಬೆರಳು ಹಾಕಿ ಮುಟ್ಟಿ ನೋಡಿದೆ.

ಹೋಗುವಾಗ ಎಲ್ಲ ಸರಿಯಿತ್ತು. ಮೇಘನಾ ಮೊಬೈಲು ಹಿಡಿದಳು, ಸೀನಣ್ಣ ತೆರೆ ಎಬ್ಬಿಸಿದ, ಎಲ್ಲೆಲ್ಲಿ ತಡವರಿಸಿದನೋ ಅಲ್ಲಲ್ಲಿ ನಾನು ಬಂದರಿನ ಹೆಸರು ಕೊಟ್ಟೆ. ಖಾಂದೇರಿ ಕೋಟೆ ಬಂತು. ನೀರಿನ ನಡುವೆ ಕಲ್ಲಿನ ಗೋಡೆ, ಮೇಲೆ ದೀಪದ ಕಂಬ. ಚೆನ್ನಾಗಿದೆ. ಸುತ್ತು ಹಾಕಿ ತಿರುಗಿದೆವು.

ಮಧ್ಯಾಹ್ನದ ಮೇಲೆ ಗಾಳಿ ಜೋರಾಯಿತು. ಕ್ಯಾಪ್ಟನ್ ಎಲ್ಲರಿಗೂ ಕೋಕಂ ಶರಬತ್ತು ಕೊಡಿಸಿದ. ನಾನು ಕುಡಿದು ಲೋಟವನ್ನು ತೂತಿನಲ್ಲಿ ಇಟ್ಟೆ. ಸೀನಣ್ಣ ಯಾವುದೋ ಬಿರುಗಾಳಿಯ ನಡುವೆ ಇದ್ದ. ಕೈಯಾಡಿಸಲು ಅವಸರ. ಲೋಟವನ್ನು ಮೇಜಿನ ನುಣುಪು ಜಾಗದಲ್ಲಿ ಇಟ್ಟ. ಹಾಯಿ ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳಿತು, ದೋಣಿ ವಾಲಿತು, ಲೋಟ ಜಾರಿತು. ಚೂರು ಚೂರು.

ಸೀನಣ್ಣ ನಿಧಾನವಾಗಿ ತಲೆಯೆತ್ತಿ ನನ್ನ ಕಾಲು ನೋಡಿದ.

"ನನ್ನ ಕಾಲ್ ಕಾಣ್ಬೇಡ," ಎಂದೆ. "ನಿನ್ನ ಕೈ ಕಾಣ್."

ಕ್ಯಾಪ್ಟನ್ ಬಂದು ಗಾಜು ಗುಡಿಸುತ್ತ, ಸಿಟ್ಟಿಲ್ಲದೆ ಹಿಂದಿಯಲ್ಲಿ ಹೇಳಿದ. ಲೋಟಕ್ಕೆ ಜಾಗ ಇದೆ ದಾದಾ, ಅಲ್ಲಿ ಇಟ್ಟರೆ ಬೀಳುವುದಿಲ್ಲ. ಅಷ್ಟೇ ಹೇಳಿ ಹೋದ. ಸೀನಣ್ಣ ಮೇಜಿನ ತೂತಿನ ಸುತ್ತ ಇದ್ದ ಬಟ್ಟೆಯನ್ನು ನೋಡುತ್ತ ಕೂತ. ಇದೇ ಹೊತ್ತು ಎಂದು ನನಗನಿಸಿತು.

"ಸೀನಣ್ಣ, ಅವತ್ತ್ ಮೇಲಿನ್ ಮೂರ್ ಸಾಲಿಗೆ ಹುಲ್ಲ್ ಹಾಕಿದ್ಯಾ?"

ಅವನು ಟೋಪಿ ತೆಗೆದ. ಗಾಳಿಗೆ ಹಾರುತ್ತದೆ ಎಂದು ತೆಗೆದನೋ ಏನೋ.

"ಹುಲ್ಲ್ ತುಂಬ್ಸುದ್ ನನ್ನ ಕೆಲ್ಸ," ಎಂದ. "ಹಿಂದಿನ್ ರಾತ್ರಿ ಆಟ ಇದ್ದಿತ್ ಮರಾಯ್ತಿ. ಮಂದಾರ್ತಿ ಕಡೀದ್, ಒಳ್ಳೆ ಮೇಳ. ಸುರು ಆಪ್ದ್ರೊಳ್ಗೆ ಹೋಯ್ಕಿತ್. ಮೂರ್ ಸಾಲಿಗೆ ಎಂತ ಆತ್ತ್ ಅಂದ್ಕಂಡೆ."

ಯಕ್ಷಗಾನ ಆಟ ನೋಡುವ ಅವಸರ. ಅಷ್ಟೇ.

"ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಾಯ್ದೆ ಇರತ್ತಾ? ಹಂಚ್ ಇಳ್ಸುವಾಗ ಕಂಡಿದ. ನನ್ನ ಕೆನ್ನಿಗೆ ಒಂದ್ ಬಿಟ್ಟ. ಮಾಲಿಕನ ಎದ್ರ್ ಮಾತ್ರ ನನ್ನ ಹೆಸ್ರ್ ಹೇಳಲಿಲ್ಲೆ. ಹೇಳಿರೆ ನಂಗೆ ಯಾರ್ ಮಂಜಿ ಕೊಡ್ತಿದ್ರ್?"

ನನ್ನ ಹೆಸರು ಹೇಳಿದರೆ ಯಾರಿಗೂ ಏನೂ ಹೋಗುವುದಿರಲಿಲ್ಲ. ನನಗೆ ಯಾರೂ ಮಂಜಿ ಕೊಡುವುದಿರಲಿಲ್ಲವಲ್ಲ.

ಅಪ್ಪನ ಮೇಲೆ ಸಿಟ್ಟು ಬಂತೇ ಎಂದು ನೀವು ಕೇಳಬಹುದು. ಬಂತು. ಅದನ್ನು ಅಲ್ಲೇ ಸಮುದ್ರಕ್ಕೆ ಬಿಟ್ಟು ಬಂದೆ ಎಂದು ಬರೆದರೆ ಓದಲು ಚಂದ. ಸುಳ್ಳು. ಮನೆಗೆ ತಂದೆ. ನಾಲ್ಕು ದಿನ ಇತ್ತು, ಆಮೇಲೆ ಹೋಯಿತು. ಸೀನಣ್ಣನ ಮೇಲಿನದು ಮಾತ್ರ ಜೆಟ್ಟಿಯಲ್ಲೇ ಕಡಿಮೆಯಾಯಿತು. ಪಾಚಿ ಮೆಟ್ಟಿಲಿನಲ್ಲಿ ಅವನು ನನ್ನ ತೋಳು ಹಿಡಿದುಕೊಂಡು ಹತ್ತಿದ. ತೋಳು ಹಿಡಿದವನನ್ನು ಬಯ್ಯುವುದು ಕಷ್ಟ, ಇಬ್ಬರೂ ಬೀಳುತ್ತೇವೆ.

ಆದರೆ ಮೇಘನಾಳ ಮೊಬೈಲು ಅಷ್ಟು ಹೊತ್ತೂ ಓಡುತ್ತಿತ್ತು. ಬಾಸಿಗೆ ತೆರೆಯ ಕಥೆ ಕಳಿಸಿದಳು, ಹುಲ್ಲಿನ ಕಥೆಯನ್ನು ಮನೆಯವರಿಗೆಲ್ಲ ಕಳಿಸಿದಳು. ಸುರೇಶ ಎರಡು ಸಲ ನೋಡಿದ. ಮುಖ ಸಣ್ಣದು ಮಾಡಿಕೊಂಡು, "ಅಮ್ಮ, ನಾವೂ ಹೇಳ್ತಾ ಇದ್ವಲ್ಲ" ಎಂದ. ಹೌದು, ಹೇಳುತ್ತಿದ್ದಿರಿ ಎಂದೆ. ಅವನನ್ನು ಸಮಾಧಾನ ಮಾಡುವುದು ನನ್ನ ಕೆಲಸವಲ್ಲ. ಅಲ್ಲಿಂದ ನಮ್ಮ ಮನೆಯಲ್ಲಿ ಮಾತು ಬದಲಾಯಿತು. ಸೊಸೆಯ ಕೈಯಿಂದ ಕಪ್ಪು ಬಿದ್ದರೆ "ಹುಲ್ಲು ಕಡಿಮೆಯಾಯ್ತು" ಎನ್ನುತ್ತಾರೆ. ಹಾಲು ಉಕ್ಕಿದರೂ ಹುಲ್ಲು ಕಡಿಮೆ, ಲೋಕಲ್ ತಪ್ಪಿದರೂ ಹುಲ್ಲು ಕಡಿಮೆ. ಮಾಟುಂಗದಲ್ಲಿ ಸೀನಣ್ಣನ ಮಗಳ ಮನೆಯಲ್ಲೂ ಇದೇ ಅಂತೆ. ಪಾಪ, ಅವನು ಈಗ ಚಹಾ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾನಂತೆ.

ಹೊಸ ಬ್ರೋಷರ್ ಬಂದಿದೆ. ದಾಭೋಳ, ಜಯಗಡ, ರತ್ನಾಗಿರಿ, ವಿಜಯದುರ್ಗ ಸಾಲಾಗಿ ಸರಿಯಾಗಿವೆ. ಆ ಕಾಗದವೂ ಎಣ್ಣೆ ಹೀರುವುದಿಲ್ಲ.

ಮೊನ್ನೆ ಮಾವಿನಮಿಡಿ ಉಪ್ಪಿನಕಾಯಿ ತೆಗೆಯಲು ಮೇಲಿನ ಕಪಾಟಿಗೆ ಕೈ ಹಾಕಿದೆ. ಭರಣಿ ಕೈಗೆ ಬಂತು, ಕೈಯಿಂದ ಹೋಯಿತು. ಅಡುಗೆಮನೆಯ ತುಂಬ ಕೆಂಪು ರಸ, ಪಿಂಗಾಣಿ ಚೂರು. ಮೇಘನಾ ಓಡಿ ಬಂದು ಬಾಗಿಲಲ್ಲಿ ನಿಂತು ನಕ್ಕಳು.

"ಕ್ಯಾ ಹುವಾ ಅಜ್ಜಿ? ಹುಲ್ಲು ಕಡಿಮೆ ಆಯ್ತಾ?"

"ಇಲ್ಲೆ," ಎಂದೆ. "ಹುಲ್ಲೂ ಅಲ್ಲ, ಕಾಲೂ ಅಲ್ಲ. ನನ್ನ ಕೈ ಜಾರ್ತ್, ನಾನೇ ಬೀಳ್ಸದ್. ಅಲ್ಲೇ ನಿಂತ್ಕ, ಒಳ್ಗ್ ಬರ್ಬೇಡ, ಚೂರ್ ಕಾಲಿಗೆ ತಾಗತ್ತ್. ಆ ಹಿಡಿಸೂಡಿ ಕೊಡ್, ಗುಡ್ಸ್ತೆ."